ಬಳ್ಳಾರಿ ಗುಡ್ಡಗಳನ್ನು ಓದಿದ ಹವ್ಯಾಸಿಗಳು

ಬಳ್ಳಾರಿಗೆ ಹೊಸದಾಗಿ ಬಂದವರಿಗೆ ಊರವರು ಹೇಳುವ ಮೊದಲ ಕಥೆ ಕೋಟೆಯದು. ಹನುಮಪ್ಪ ನಾಯಕ ಕಟ್ಟಿಸಿದ ಮೇಲುಕೋಟೆ 18ನೇ ಶತಮಾನದಲ್ಲಿ ಹೈದರ್ ಅಲಿಯ ಕೈಸೇರಿತು. ಹೈದರ್ ಒಬ್ಬ ಫ್ರೆಂಚ್ ಎಂಜಿನಿಯರನನ್ನು ಕರೆಸಿ ಕೋಟೆಯನ್ನು ಬಲಪಡಿಸಿದ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಎದುರಿಗಿದ್ದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ಫಿರಂಗಿ ಏರಿಸಿದವನಿಗೆ ಕೋಟೆ ಸುಲಭದ ತುತ್ತು. ಸಿಟ್ಟಿಗೆದ್ದ ಹೈದರ್ ಎಂಜಿನಿಯರನನ್ನು ನೇಣಿಗೇರಿಸಿದನಂತೆ. ಕಥೆ ನಿಜವೋ ಸುಳ್ಳೋ, ಎರಡು ಗುಡ್ಡಗಳಂತೂ ಇವತ್ತಿಗೂ ಒಂದನ್ನೊಂದು ದಿಟ್ಟಿಸುತ್ತ ನಿಂತಿವೆ. ಕೋಟೆ ನೋಡಲು ಹೋದವರ ಕಣ್ಣಿಗೆ ಕುಂಬಾರ ಗುಡ್ಡ ಬಿದ್ದಾಗಲೆಲ್ಲ ಕಥೆ ಮತ್ತೊಮ್ಮೆ ಹುಟ್ಟುತ್ತದೆ.

ಆದರೆ ಬಳ್ಳಾರಿ ಸೀಮೆಯ ಗುಡ್ಡಗಳಿಗೆ ಹೈದರನಿಗಿಂತ, ನಾಯಕರಿಗಿಂತ, ವಿಜಯನಗರಕ್ಕಿಂತ ಸಾವಿರಾರು ವರ್ಷ ಹಿಂದಿನ ಕಥೆಯೊಂದಿದೆ. ಅದನ್ನು ಮೊದಲು ಓದಲು ಯತ್ನಿಸಿದವರು ಇತಿಹಾಸಕಾರರಲ್ಲ. ಒಬ್ಬ ಸೇನೆಯ ಕ್ಯಾಪ್ಟನ್, ಒಬ್ಬ ಭೂವಿಜ್ಞಾನಿ, ಒಬ್ಬ ಪೊಲೀಸ್ ಅಧಿಕಾರಿ. ಸಂಬಳ ಬರುತ್ತಿದ್ದುದು ಬೇರೆ ಕೆಲಸಕ್ಕೆ. ಗುಡ್ಡ ಹತ್ತಿದ್ದು ಹವ್ಯಾಸಕ್ಕೆ. ಈಗ ಹವ್ಯಾಸ ಎಂದರೆ ಬೆಳಗಿನ ಯೋಗ, ಸಂಜೆಯ ಆಟ, ರಾತ್ರಿ ಮೊಬೈಲಿನಲ್ಲಿ ಬ್ರೌಸರ್ ತೆರೆದು ಕಂಡದ್ದನ್ನೆಲ್ಲ ಓದುವುದು. ಆ ಕಾಲದ ಕೆಲವರಿಗೆ ಬಿಸಿಲಿನಲ್ಲಿ ಗುಡ್ಡ ಏರಿ ಕಲ್ಲು ಹೆಕ್ಕುವುದೇ ಖುಷಿ. ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಜನರ ಬಳಿ ಇವತ್ತು ತಮ್ಮ ನೆಲದ ಬಗ್ಗೆ ಇರುವ ಅತ್ಯಂತ ಹಳೆಯ ತಿಳಿವಳಿಕೆ ಶುರುವಾದದ್ದು ಆ ಖುಷಿಯಿಂದ.

ಬೂದಿದಿಬ್ಬದ ಒಗಟು

ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟದ್ದು 1800ರಲ್ಲಿ. ಥಾಮಸ್ ಮನ್ರೋ ಮುಖ್ಯ ಕಲೆಕ್ಟರ್ ಆಗಿ ಬಂದರು. ಕಂದಾಯ ಲೆಕ್ಕ, ಜಮೀನಿನ ಅಳತೆ ಶುರುವಾದವು; ಬಳ್ಳಾರಿ ದಂಡಿನ ಊರಾಯಿತು. ದಂಡಿನಲ್ಲಿದ್ದ ಅಧಿಕಾರಿಗಳ ಪೈಕಿ ಟಿ.ಜೆ. ನ್ಯೂಬೋಲ್ಡ್ ಎಂಬವರು ವಿಚಿತ್ರ ಮನುಷ್ಯ. ಹುದ್ದೆಯಿಂದ ಮದರಾಸು ಸೇನೆಯ ಕ್ಯಾಪ್ಟನ್. ಆದರೆ ಎಲ್ಲಿಗೆ ವರ್ಗವಾದರೂ ಅಲ್ಲಿನ ಕಲ್ಲು, ಮಣ್ಣು, ಗಣಿ, ಜನ, ಭಾಷೆ ಎಲ್ಲದರ ಬಗ್ಗೆ ಬರೆದಿಡುವ ಚಾಳಿ. ಮಲಾಕಾದಲ್ಲಿದ್ದಾಗ ಆ ಪ್ರದೇಶದ ಬಗ್ಗೆ ಪುಸ್ತಕವನ್ನೇ ಬರೆದಿದ್ದರು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಅದರ ಹತ್ತಿರ ಬೂದಿಯದೇ ಒಂದು ದಿಬ್ಬ. ಮೇಲೆ ಹುಲ್ಲು, ಮುಳ್ಳುಕಂಟಿ. ಕೆದಕಿದರೆ ಒಳಗೆ ಬೂದುಬಣ್ಣದ ಪುಡಿ, ನಡುನಡುವೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟ. ನ್ಯೂಬೋಲ್ಡ್ ಇದನ್ನು ಅಗೆಸಿ ನೋಡಿದರು. ಇಂಥ ದಿಬ್ಬಗಳ ಬಗ್ಗೆ ಅವರು ಬರೆದ ಲೇಖನ 1843ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ದಿಬ್ಬಗಳ ಬಗ್ಗೆ ಜನರಲ್ಲಿ ಆಗಲೇ ಉತ್ತರಗಳಿದ್ದವು. ಹಂಪೆಯ ಬಳಿ ನಿಂಬಾಪುರದ ದಿಬ್ಬ ವಾಲಿಯ ಚಿತಾಭಸ್ಮ ಎಂಬ ನಂಬಿಕೆ ಇಂದಿಗೂ ಇದೆ. ಬೇರೆಡೆ ರಾಕ್ಷಸರ ಮೂಳೆಯ ಮಾತು. ಇದನ್ನು ಕೇಳಿ ನಕ್ಕ ವಿದ್ಯಾವಂತರ ಊಹೆಗಳೇನೂ ಕಡಿಮೆ ಇರಲಿಲ್ಲ. ಜ್ವಾಲಾಮುಖಿ ಎಂದರು, ಇಟ್ಟಿಗೆಯ ಗೂಡು ಎಂದರು, ಲೋಹ ಕರಗಿಸಿದ ಕುಲುಮೆ ಎಂದರು, ಯುದ್ಧದಲ್ಲಿ ಸತ್ತವರ ಸಾಮೂಹಿಕ ದಹನ ಎಂದರು. ಹಾಗೆ ನೋಡಿದರೆ ವಾಲಿಯ ಚಿತೆಗೂ ಈ ಕೊನೆಯ ಊಹೆಗೂ ಹೆಚ್ಚು ದೂರವಿಲ್ಲ.

ಉತ್ತರ ಎಲ್ಲರ ಕಾಲಬುಡದಲ್ಲೇ ಇತ್ತು: ಸಗಣಿ. ದನಗಳನ್ನು ಬೇಲಿ ಹಾಕಿ ಕೂಡಿದ ದೊಡ್ಡಿಯಲ್ಲಿ ವರ್ಷಗಟ್ಟಲೆ ಸಗಣಿ ಬಿದ್ದು ಗುಡ್ಡೆಯಾಗುತ್ತದೆ. ಅದಕ್ಕೆ ಬೆಂಕಿ ಬಿದ್ದರೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ. ಕಾವು ಹೆಚ್ಚಾದ ಕಡೆ ಬೂದಿಯೇ ಕರಗಿ ಕಿಟ್ಟವಾಗುತ್ತದೆ. ಮತ್ತೆ ದನ, ಮತ್ತೆ ಸಗಣಿ, ಮತ್ತೆ ಬೆಂಕಿ. ಹೀಗೆ ಪದರದ ಮೇಲೆ ಪದರ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಇದನ್ನು ಹೇಳಿದ್ದರು, ಒಪ್ಪದವರೂ ಇದ್ದರು. ಲಂಡನ್ ವಿಶ್ವವಿದ್ಯಾಲಯದ ಎಫ್.ಇ. ಜ್ಯೂನರ್ ಕುಡತಿನಿಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸಗಣಿಯೇ ಹೌದೆಂದು 1960ರಲ್ಲಿ ತೋರಿಸಿಕೊಟ್ಟ ಮೇಲೆ ವಾದ ತಣ್ಣಗಾಯಿತು. ಅದಕ್ಕೆ ಸ್ವಲ್ಪ ಮೊದಲು, 1957ರಲ್ಲಿ, ಇಂದಿನ ತೆಲಂಗಾಣದ ಉತ್ನೂರಿನಲ್ಲಿ ರೇಮಂಡ್ ಆಲ್ಚಿನ್ ಇಂಥದೇ ದಿಬ್ಬವನ್ನು ಅಗೆದಾಗ ದೊಡ್ಡಿಯ ಕಂಬಗಳ ಗುಳಿಗಳು ಸಿಕ್ಕವು; ದನಗಳ ಗೊರಸಿನ ಗುರುತುಗಳೂ ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಒಂದು ದಿನ ಕೆಸರು ತುಳಿದ ದನದ ಹೆಜ್ಜೆ!

ಬೆಂಕಿ ಯಾಕೆ ಹಚ್ಚುತ್ತಿದ್ದರು ಎಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಆಲ್ಚಿನ್ ಇದನ್ನು ದನಗಳಿಗೆ ಸಂಬಂಧಿಸಿದ ಹಬ್ಬಗಳ ಬೆಂಕಿಯೊಂದಿಗೆ ಹೋಲಿಸಿದರು. ಸಂಕ್ರಾಂತಿಯಂದು ಎತ್ತುಗಳನ್ನು ಕಿಚ್ಚು ಹಾಯಿಸುವುದನ್ನು ಕಂಡ ಕನ್ನಡಿಗರಿಗೆ ಆ ಹೋಲಿಕೆ ಅಪರಿಚಿತವೆನಿಸದು.

ಸಂಬಳದ ಕೆಲಸ, ಮನಸ್ಸಿನ ಕೆಲಸ

ಫೂಟ್ ಅವರ ಹೆಸರು ಬಂತು. ಈ ಕಥೆಯಲ್ಲಿ ಅವರದೇ ದೊಡ್ಡ ಪಾತ್ರ. 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆ ಇಲಾಖೆಗೆ ಸೇರಿದರು. ಎಲ್ಲಿ ಯಾವ ಶಿಲೆ ಇದೆ, ಯಾವ ಅದಿರು ಇದೆ ಎಂದು ನಕ್ಷೆ ಮಾಡುವುದು ಇಲಾಖೆ ಅವರಿಗೆ ಕೊಟ್ಟ ಕೆಲಸ. 1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಮನುಷ್ಯ ಕೆತ್ತಿದ ಕಲ್ಲಿನ ಆಯುಧವೊಂದು ಅವರ ಕಣ್ಣಿಗೆ ಬಿತ್ತು. ಭಾರತದಲ್ಲಿ ಹಳೆ ಶಿಲಾಯುಗದ ಮಾನವ ಇದ್ದ ಎಂಬುದಕ್ಕೆ ಅದು ಮೊದಲ ಗುರುತು. ಅಲ್ಲಿಂದ ಮುಂದೆ ನಾಲ್ಕು ದಶಕ ಫೂಟ್ ಒಂದು ಕಣ್ಣಿನಲ್ಲಿ ಸರ್ಕಾರದ ಶಿಲೆ ನೋಡಿದರು, ಇನ್ನೊಂದು ಕಣ್ಣಿನಲ್ಲಿ ಮನುಷ್ಯನ ಶಿಲೆ ಹುಡುಕಿದರು.

ಬಳ್ಳಾರಿಯಲ್ಲಿ ಈ ಎರಡು ಕಣ್ಣುಗಳೂ ಒಂದೇ ಕಡೆ ನೆಟ್ಟವು. ನಗರದಿಂದ ಐದಾರು ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು, ಅದರ ಮಗ್ಗುಲಿಗೆ ಕಪ್ಪಗಲ್ಲು. ಈ ಎರಡು ಊರುಗಳ ನಡುವೆ ಗ್ರಾನೈಟ್ ಗುಡ್ಡಗಳ ಗುಂಪು: ಹಿರೇಗುಡ್ಡ, ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ. ದೂರದಿಂದ ನೋಡಿದರೆ ಯಾರೋ ಬಂಡೆಗಳನ್ನು ತಂದು ಸುರಿದಂತೆ. ಹಿರೇಗುಡ್ಡದ ತಿಳಿಬಣ್ಣದ ಗ್ರಾನೈಟ್ ಮೈಯಲ್ಲಿ ಕರಿಯ ಪಟ್ಟೆಯೊಂದು ಎದ್ದು ಕಾಣುತ್ತದೆ. ಭೂಮಿಯ ಒಳಗಿನ ಕರಗಿದ ಶಿಲೆ ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದದ್ದು ಅದು, ಹೆಸರು ಡಾಲರೈಟ್. ಗ್ರಾನೈಟಿನಂತೆ ಕಾಳುಕಾಳಾಗಿ ಒಡೆಯದೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಉಜ್ಜಿದರೆ ಹರಿತವಾಗುತ್ತದೆ. ಭೂವಿಜ್ಞಾನಿಗೆ ಅದೊಂದು ಶಿಲೆ. ನವಶಿಲಾಯುಗದ ಮನುಷ್ಯನಿಗೆ ಅದು ಕೊಡಲಿಯ ಗಣಿ.

ಗುಡ್ಡದ ಮೇಲೆ ಫೂಟ್ ಕಂಡದ್ದು ಬರಿಯ ಕೊಡಲಿಗಳನ್ನಲ್ಲ. ಆಗಷ್ಟೇ ಸೀಳಿದ ತುಂಡು, ಅರೆಬರೆ ಕೆತ್ತಿದ್ದು, ಕೆತ್ತುವಾಗ ಮುರಿದದ್ದು, ಉಜ್ಜಿ ನುಣುಪು ಮಾಡಿದ್ದು ಹೀಗೆ ಎಲ್ಲ ಹಂತದ ಕಲ್ಲುಗಳೂ ಅಲ್ಲಿದ್ದವು. ಉಜ್ಜಲು ಬಳಸಿದ ಗ್ರಾನೈಟ್ ಬಂಡೆಗಳ ಮೇಲೆ ತೋಡುಗಳು ಬಿದ್ದಿದ್ದವು. ಇದು ಕೊಡಲಿ ಬಿಸಾಡಿದ ಜಾಗವಲ್ಲ, ಕೊಡಲಿ ಮಾಡುವ ಕಾರ್ಖಾನೆ ಎಂದು ಅವರು ಸರಿಯಾಗಿ ಊಹಿಸಿದರು. ಅನೇಕ ದೇಶಗಳಲ್ಲಿ ಜನ ಇಂಥ ಕೊಡಲಿಗಳನ್ನು ಸಿಡಿಲಿನೊಂದಿಗೆ ಆಕಾಶದಿಂದ ಬಿದ್ದ ಕಲ್ಲುಗಳೆಂದು ತಿಳಿದಿದ್ದ ಕಾಲ ಅದು. ಈ ಶೋಧಗಳ ಟಿಪ್ಪಣಿ 1887ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಅಧಿಕೃತ ವರದಿ 1895ರಲ್ಲಿ ಹೊರಬಂತು.

ಆ ವರದಿಯಲ್ಲಿ ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ವಿವರವೂ ಇದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಹೆಸರು ದೇಶದ ತುಂಬ ಕೇಳಿಬಂದದ್ದು ಈ ಅದಿರಿನಿಂದಲೇ. ಸಂಬಳದ ಕೆಲಸ ತೋರಿಸಿದ ಸಂಪತ್ತು ಲಾರಿಗಳಲ್ಲಿ ಹೋಯಿತು. ಹವ್ಯಾಸ ತೋರಿಸಿದ ಸಂಪತ್ತಿಗೆ ಮಾರುಕಟ್ಟೆ ಇರಲಿಲ್ಲವಾದ್ದರಿಂದ ಅಷ್ಟಿಷ್ಟು ಉಳಿಯಿತು.

ಬಾರಿಸಿದರೆ ಉಲಿಯುವ ಬಂಡೆ

ಹಿರೇಗುಡ್ಡದ ಕರಿಬಂಡೆಗಳ ಮೇಲೆ ಚಿತ್ರಗಳಿವೆ. ಬಣ್ಣದ್ದಲ್ಲ, ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ್ದು. ಉದ್ದ ಕೊಂಬಿನ, ಎದ್ದ ಹಿಣಿಲಿನ ಗೂಳಿಗಳೇ ಹೆಚ್ಚು, ಮನುಷ್ಯರೂ ಇದ್ದಾರೆ. ಇವುಗಳ ಬಗ್ಗೆ 1892ರಲ್ಲಿ ಬರೆದವರು ಫ್ರೆಡ್ ಫಾಸೆಟ್, ಪೊಲೀಸ್ ಅಧಿಕಾರಿ. ಮುಂದೆ ವಯನಾಡಿನ ಎಡಕ್ಕಲ್ ಗುಹೆಯ ಕೆತ್ತನೆಗಳನ್ನು ಲೋಕಕ್ಕೆ ತಿಳಿಸಿದವರೂ ಇವರೇ. ಕಳ್ಳರನ್ನು ಹಿಡಿಯುವ ಇಲಾಖೆಯವರು ಕಲ್ಲಿನ ಗುರುತು ಹಿಡಿದದ್ದು ಅಷ್ಟೇನೂ ಆಶ್ಚರ್ಯವಲ್ಲವೇನೋ. 1951ರಲ್ಲಿ ಡಿ.ಎಚ್. ಗಾರ್ಡನ್ ಮತ್ತೆ ಇವುಗಳ ಬಗ್ಗೆ ಬರೆದರು. ಅವರು ಸೇನೆಯಲ್ಲಿ ಕರ್ನಲ್ ಆಗಿದ್ದವರು.

ಇಷ್ಟೆಲ್ಲ ಬಂದುಹೋದರೂ ಬಂಡೆಗಳ ಇನ್ನೊಂದು ಗುಣ ವಿದ್ವತ್ ಪತ್ರಿಕೆಗಳಲ್ಲಿ ಗಮನ ಸೆಳೆದದ್ದು ತೀರ ಈಚೆಗೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಇನ್ನೊಂದು ಕಲ್ಲಿನಿಂದ ಬಾರಿಸಿದರೆ ಜಾಗಟೆಯಂತೆ ನಾದ ಹೊಮ್ಮುತ್ತದೆ. ಕೇಂಬ್ರಿಡ್ಜಿನ ನಿಕೋಲ್ ಬೊಯ್ವಿನ್ 2004ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಈ ‘ಶಿಲಾಸಂಗೀತ’ದ ಬಗ್ಗೆ ಬರೆದಾಗ ಜಗತ್ತಿನ ಪತ್ರಿಕೆಗಳು ಸುದ್ದಿ ಮಾಡಿದವು. ಚಿತ್ರ ಕುಟ್ಟುವಾಗ ನಾದ, ನಾದಕ್ಕಾಗಿ ಕುಟ್ಟಿದರೆ ಗುಳಿ. ನೋಡುವುದೂ ಕೇಳುವುದೂ ಅಲ್ಲಿ ಬೇರೆಬೇರೆ ಇರಲಿಲ್ಲವೆಂದು ಕಾಣುತ್ತದೆ.

ವಕೀಲರ ನಾಟಕ, ಕಲೆಕ್ಟರರ ಪುಸ್ತಕ

ಈ ಹವ್ಯಾಸಿಗಳನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಅವರ ಬಳಿ ಬಿಡುವಿತ್ತು, ಕುದುರೆಯಿತ್ತು, ಕೂಗಿದರೆ ಓಡಿಬರುವ ಆಳುಗಳಿದ್ದರು, ಬರೆದದ್ದನ್ನು ಅಚ್ಚುಹಾಕುವ ಸೊಸೈಟಿಗಳಿದ್ದವು. ದಾರಿ ತೋರಿದ ದನಗಾಹಿಯ ಹೆಸರು, ದಿಬ್ಬ ಅಗೆದ ಕೂಲಿಯ ಹೆಸರು ಯಾವ ಪತ್ರಿಕೆಯಲ್ಲೂ ಇಲ್ಲ. ಹೆಕ್ಕಿದ ಕಲ್ಲುಗಳೂ ಊರಿನಲ್ಲಿ ಉಳಿಯಲಿಲ್ಲ. ಫೂಟ್ ಅವರ ಸಂಗ್ರಹವನ್ನು 20ನೇ ಶತಮಾನದ ಆರಂಭದಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಜಿಲ್ಲೆ ಇತ್ತ ಬಂತು, ಕೊಡಲಿಗಳು ಅಲ್ಲೇ ಉಳಿದವು.

ಹಾಗೆಂದು ಊರಿನ ವಿದ್ಯಾವಂತರು ಸುಮ್ಮನಿದ್ದರು ಎನ್ನುವಂತಿಲ್ಲ. ಅವರ ಬಿಡುವಿನ ಹೊತ್ತು ಬೇರೆ ಕಡೆ ಹರಿಯಿತು. ಧರ್ಮವರಂ ಕೃಷ್ಣಮಾಚಾರ್ಯರು ವೃತ್ತಿಯಿಂದ ವಕೀಲರು, ಸಂಜೆಯಾದರೆ ‘ಸರಸ ವಿನೋದಿನಿ ಸಭಾ’ದ ನಾಟಕಕಾರರು. ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು, ಅವರದು ‘ಸುಮನೋರಮ ಸಭಾ’. ಅವರ ನಂತರದ ಬಳ್ಳಾರಿ ರಾಘವರೂ (1880–1946) ವಕೀಲರೇ. ಮದರಾಸು ಸಿವಿಲ್ ಸರ್ವಿಸಿನ ರಾಬರ್ಟ್ ಸ್ಯುವೆಲ್ ವಿಜಯನಗರದ ಬಗ್ಗೆ ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದ್ದು 1900ರಲ್ಲಿ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ಅವರು ಬರೆದದ್ದು ಇಂಗ್ಲಿಷ್ ಬಲ್ಲವರಿಗೆ. ಅದೇ ವಿಜಯನಗರದ ಪತನವನ್ನು ಕೋಲಾಚಲಂ ರಂಗದ ಮೇಲೆ ತಂದು ಎಲ್ಲರಿಗೂ ತೋರಿಸಿದರು. ಬಳ್ಳಾರಿಯ ಜನಸಾಮಾನ್ಯರಿಗೆ ಇತಿಹಾಸ ತಲುಪಿದ್ದು ದೀಪದ ಬೆಳಕಿನಲ್ಲಿ, ಬಣ್ಣ ಹಚ್ಚಿಕೊಂಡು. ನಗರದ ರಾಘವ ಕಲಾಮಂದಿರಕ್ಕೆ ದಾರಿ ಕೇಳಿದರೆ ಆಟೋದವರು ಯೋಚಿಸಬೇಕಾಗಿಲ್ಲ. ಸಂಗನಕಲ್ಲಿನ ಕೊಡಲಿ ಕಾರ್ಖಾನೆಗೆ ದಾರಿ ಕೇಳಿದರೆ ಯೋಚಿಸಬೇಕಾದೀತು.

ತೆಕ್ಕಲಕೋಟೆಯ ಮನೆ, ಕುರುಗೋಡಿನ ಊಟ

ಹವ್ಯಾಸಿಗಳು ಬಿಟ್ಟ ಜಾಗದಿಂದ ತರಬೇತಾದವರು ಮುಂದುವರಿಸಿದರು. ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ಮಾಡಿ ಬರೆದ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಪುಸ್ತಕ 1948ರಲ್ಲಿ ಬಂತು. ಮುಂದಿನ ಮುಖ್ಯ ಹೆಜ್ಜೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯಲ್ಲಿನ ತೆಕ್ಕಲಕೋಟೆಯಲ್ಲಿ.

1963–64ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆತ ನಡೆಸಿದರು. (ಮುಂದೆ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದರು.) ಜೊತೆಗೆ ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರ ಇದ್ದರು. ಬಂಡೆಗಳ ಸಂದಿನ ಸಮತಟ್ಟಾದ ಜಾಗಗಳಲ್ಲಿ ದುಂಡನೆಯ ಗುಡಿಸಲುಗಳ ನೆಲಗಟ್ಟು ಸಿಕ್ಕಿತು. ಮಡಕೆಗಳಲ್ಲಿ ಇಟ್ಟು ಹೂಳಿದ ಎಳೆಮಕ್ಕಳ ಮೂಳೆ ಸಿಕ್ಕಿತು. ಚಿನ್ನದ ಕಿವಿಯೋಲೆಯೂ ಸಿಕ್ಕಿತು. ಕಾಲ ಸುಮಾರು ಕ್ರಿ.ಪೂ. 1700ರ ಆಸುಪಾಸು. ಕಲ್ಲಿನ ಕೊಡಲಿ ಹಿಡಿದ ಜನ ಎಂದರೆ ಒರಟರು ಎಂದುಕೊಳ್ಳುವವರಿಗೆ ಆ ಕಿವಿಯೋಲೆ ಒಳ್ಳೆಯ ಉತ್ತರ.

ತೆಕ್ಕಲಕೋಟೆಯ ಅಧ್ಯಯನದಲ್ಲಿ ಹೊಸದೊಂದಿತ್ತು. ಸಂಶೋಧಕರು ಮಣ್ಣಿನೊಳಗೆ ಮಾತ್ರ ನೋಡಲಿಲ್ಲ; ಗುಡ್ಡದ ಬುಡದಲ್ಲಿ ಬದುಕಿದ್ದ ಬೋಯ ಸಮುದಾಯದವರ ಗುಡಿಸಲು, ಪಾತ್ರೆ, ರೂಢಿಗಳನ್ನೂ ನೋಡಿದರು. ಗುಡಿಸಲು ಕಟ್ಟುವ ಕ್ರಮದಲ್ಲಿ ಹಳೆಯದರ ಛಾಯೆ ಕಂಡಿತು. 1965ರಲ್ಲಿ ನಾಗರಾಜರಾವ್ ಇದರ ಬಗ್ಗೆಯೇ ಪ್ರತ್ಯೇಕ ಲೇಖನ ಬರೆದರು. ಕೂಲಿಯಾಗಿ ಬಂದು ಹೆಸರಿಲ್ಲದೆ ಹೋಗುತ್ತಿದ್ದ ಜನ ಮೊದಲ ಬಾರಿಗೆ ವಿಷಯ ಬಲ್ಲವರಾಗಿ ಪುಸ್ತಕದೊಳಗೆ ಬಂದರು.

ಆ ಗುಡ್ಡದ ಜನ ಏನು ಉಣ್ಣುತ್ತಿದ್ದರು? ಇದಕ್ಕೆ ಉತ್ತರ ಸಿಕ್ಕಿದ್ದು 1990ರ ದಶಕದ ಕೊನೆಯಿಂದ ಈಚೆಗೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡಿನ ಗುಡ್ಡ ಮುಂತಾದ ಕಡೆಗಳ ಮಣ್ಣನ್ನು ನೀರಿನಲ್ಲಿ ಕದಡಿದರು. ಸುಟ್ಟು ಇದ್ದಿಲಾದ ಕಾಳುಗಳು ಹಗುರ, ಮೇಲಕ್ಕೆ ತೇಲುತ್ತವೆ. ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ನೋಡಿದಾಗ ಗುರುತು ಸಿಕ್ಕಿದ್ದು ಕೊರಲೆ, ಹುರುಳಿ, ಹೆಸರು. ಅಕ್ಕಿಯಲ್ಲ, ಗೋಧಿಯೂ ಮುಖ್ಯವಲ್ಲ. ದಕ್ಷಿಣ ಭಾರತದ ಬೇಸಾಯ ಬೇರೆಲ್ಲಿಂದಲೋ ಎರವಲು ಬಂದದ್ದಷ್ಟೇ ಅಲ್ಲ, ಇಲ್ಲಿನ ಕಾಳುಗಳನ್ನು ಇಲ್ಲಿನವರೇ ಪಳಗಿಸಿದ್ದರು ಎಂಬ ವಾದಕ್ಕೆ ಈ ಇದ್ದಿಲಿನ ಕಾಳುಗಳು ಬಲ ಕೊಟ್ಟವು. ಸಿರುಗುಪ್ಪದ ಸುತ್ತ ಇಂದು ಕಣ್ಣು ಹಾಯಿಸಿದಷ್ಟೂ ಭತ್ತ. ವಿಜಯನಗರ ಕಾಲದ ಕಾಲುವೆ, ಆಮೇಲೆ 1950ರ ದಶಕದ ತುಂಗಭದ್ರಾ ಅಣೆಕಟ್ಟು ತಂದ ಹಸಿರು ಅದು. ಸಕ್ಕರೆ ಕಾಯಿಲೆಗೆ ಹೆದರಿ ಪೇಟೆಯವರು ಈಗ ದುಬಾರಿ ಬೆಲೆ ಕೊಟ್ಟು ತರುವ ಕೊರಲೆ ಅದಕ್ಕೂ ಮೂರು ಸಾವಿರ ವರ್ಷ ಹಿಂದಿನ ದಿನನಿತ್ಯದ ಊಟ.

ಕುರುಗೋಡಿಗೆ ಹೋದವರು ಸಾಮಾನ್ಯವಾಗಿ ಗುಡ್ಡ ನೋಡುವುದಿಲ್ಲ, ದೊಡ್ಡಬಸವೇಶ್ವರನನ್ನು ನೋಡುತ್ತಾರೆ. 12 ಅಡಿಯಷ್ಟು ಎತ್ತರದ ಏಕಶಿಲಾ ನಂದಿ, ನಂದಿಗೇ ಗರ್ಭಗುಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸಿಂದರ ರಾಜಧಾನಿಯಾಗಿದ್ದ ಊರಿನಲ್ಲಿ ಹಳೆಯ ಗುಡಿಗಳಿಗೆ ಬರವಿಲ್ಲ. ಹಿರೇಗುಡ್ಡದ ಬಂಡೆಯ ಮೇಲೆ ಗೂಳಿ, ಕುಡತಿನಿಯಲ್ಲಿ ದನದ ದೊಡ್ಡಿಯ ಬೂದಿ, ಕುರುಗೋಡಿನಲ್ಲಿ ಬಸವ! ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ನಡುವೆ ಎರಡು ಸಾವಿರ ವರ್ಷಗಳ ಅಂತರವಿದೆ, ಆ ಅಂತರವನ್ನು ತುಂಬುವ ಪುರಾವೆ ಇಲ್ಲ. ದನವನ್ನು ನಂಬಿ ಬದುಕಿದ ಸೀಮೆ ಇದು ಎಂಬಷ್ಟಕ್ಕೆ ನಿಲ್ಲುವುದು ಕ್ಷೇಮ.

ಅಂತರದ ನಡುವೆ ಇನ್ನೊಂದು ಗುರುತು ಮಾತ್ರ ಗಟ್ಟಿಯಾಗಿದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೆಗೋಳಗಳಲ್ಲಿ ಅಶೋಕನ ಬಂಡೆಶಾಸನಗಳಿವೆ. ಅವು ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ಅಶೋಕನ ಬಹುಪಾಲು ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಇರುತ್ತದೆ. ಇಲ್ಲಿ ಅಶೋಕನ ಹೆಸರೇ ಇದೆ. ಹೆಸರಿರುವ ಮೊದಲ ಶಾಸನ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಂಡವರು ಚಿನ್ನದ ಗಣಿ ಎಂಜಿನಿಯರ್ ಬೀಡನ್. ಅಲ್ಲೂ ಅದೇ ಕಥೆ: ಹುಡುಕಲು ಹೋದದ್ದು ಒಂದು, ಸಿಕ್ಕಿದ್ದು ಇನ್ನೊಂದು.

ಉಳಿದದ್ದು, ಉರುಳಿದ್ದು

ಬೂದಿದಿಬ್ಬಗಳಿಗೆ ಬಂದ ಕಷ್ಟ ಸರಳವಾದದ್ದು. ಬೂದಿ ಒಳ್ಳೆಯ ಗೊಬ್ಬರ. ಗಾಡಿ ತುಂಬಿ ಹೊಲಕ್ಕೆ ಹೊಡೆದವರನ್ನು ದೂರುವುದು ಕಷ್ಟ. ಅದು ರಾಕ್ಷಸರ ಬೂದಿಯೂ ಅಲ್ಲ, ಅರಸರ ನಿಧಿಯೂ ಅಲ್ಲ ಎಂದು ಅವರಿಗೆ ಗೊತ್ತು. ರಸ್ತೆ ಮಾಡುವವರೂ ಕೆಲವನ್ನು ಕತ್ತರಿಸಿದರು. ಗುಡ್ಡಗಳಿಗೆ ಬಂದ ಕಷ್ಟ ಇನ್ನೂ ದೊಡ್ಡದು. ಗ್ರಾನೈಟಿಗೆ ಬೆಲೆ ಬಂದ ಮೇಲೆ ಕಪ್ಪಗಲ್ಲಿನ ಸುತ್ತ ಕ್ವಾರಿಗಳು ಎದ್ದವು. ಬೊಯ್ವಿನ್ ಅವರ 2004ರ ಲೇಖನ ನಾದದ ಜೊತೆಗೆ ಈ ಅಪಾಯವನ್ನೂ ಹೇಳಿತ್ತು. ಬೂದಿ ಹೋದರೆ ದಿಬ್ಬದ ಪದರು ಹೋಗುತ್ತದೆ, ಬಂಡೆ ಸೀಳಿದರೆ ಚಿತ್ರವೂ ನಾದವೂ ಒಟ್ಟಿಗೆ ಹೋಗುತ್ತವೆ. ಜಲ್ಲಿಯಾದ ಬಂಡೆಯನ್ನು ಮತ್ತೆ ಓದಲು ಯಾವ ವಿದ್ಯೆಯಿಂದಲೂ ಆಗದು.

ಒಂದಿಷ್ಟು ಒಳ್ಳೆಯ ಸುದ್ದಿಯೂ ಇದೆ. ಕೋರಿಶೆಟ್ಟರ್ ಮತ್ತಿತರರ ಪ್ರಯತ್ನದಿಂದ ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಆಗಿದೆ. ಗುಡ್ಡದ ಕೊಡಲಿಗಳನ್ನು ನೋಡಲು ಬಳ್ಳಾರಿಯ ಶಾಲೆಯ ಮಕ್ಕಳು ಚೆನ್ನೈ ರೈಲು ಹತ್ತಬೇಕಾಗಿಲ್ಲ.

ಫೂಟ್ 1912ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಸಂಗ್ರಹದ ಸೂಚಿ 1914ರಲ್ಲಿ, ಟಿಪ್ಪಣಿಗಳ ಸಂಪುಟ 1916ರಲ್ಲಿ ಮದರಾಸಿನಲ್ಲಿ ಅಚ್ಚಾದವು. ಒಂದು ಕಾಲಕ್ಕೆ ದೊಡ್ಡ ಗ್ರಂಥಾಲಯಗಳ ಬೀರುಗಳಲ್ಲಿ ಮಾತ್ರ ಇದ್ದ ಆ ಪುಟಗಳು ಈಗ ಸ್ಕ್ಯಾನ್ ಆಗಿ ಅಂತರ್ಜಾಲಕ್ಕೆ ಬಂದಿವೆ. ಬ್ರೌಸರಿನಲ್ಲಿ ತೆರೆದರೆ ಜಿಲ್ಲೆವಾರು, ಊರುವಾರು ಪಟ್ಟಿ: ಯಾವ ಜಾಗದಲ್ಲಿ ಯಾವ ಕಲ್ಲು ಸಿಕ್ಕಿತು, ಅದರ ಆಕಾರವೇನು, ಮುರಿದದ್ದೋ ಪೂರ್ತಿಯೋ. ಊರಿನ ಹೆಸರುಗಳು ಮಾತ್ರ ಇಂಗ್ಲಿಷರ ಕಿವಿಗೆ ಬಿದ್ದ ಹಾಗಿವೆ. ಕಪ್ಪಗಲ್ಲು ವಿದ್ವಾಂಸರ ಲೇಖನಗಳಲ್ಲಿ ಇಂದಿಗೂ ‘ಕುಪ್ಗಲ್’. ಪಟ್ಟಿಯಲ್ಲಿ ತಮ್ಮ ಊರು ಇದೆಯೋ ಎಂದು ಹುಡುಕುವವರು ಹೆಸರನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು.